ಮೌಸಿನ ಹೊಟ್ಟೆಯ ಕೆಂಪು

ಕಂಪ್ಯೂಟರನ್ನು ಆಫ್ ಮಾಡಿದ ಮೇಲೂ ಮೌಸಿನ ಹೊಟ್ಟೆಯಲ್ಲಿ ಕೆಂಪು ಬೆಳಕು ಉಳಿದುಬಿಡುತ್ತದೆ ಎಂಬುದನ್ನು ಗುಬ್ಬಿ ಅಲ್ಲಿಯವರೆಗೆ ತಲೆಗೆ ಹಚ್ಚಿಕೊಂಡವಳೇ ಅಲ್ಲ. ಯಾರು ತಾನೇ ಹಚ್ಚಿಕೊಳ್ಳುತ್ತಾರೆ? ಕೆಲಸ ಮುಗಿಯಿತು, ಪರದೆ ಕಪ್ಪಾಯಿತು, ಎದ್ದು ಅಡುಗೆಮನೆಗೆ ಹೋದರಾಯಿತು. ಆದರೆ ಅವತ್ತು ಸಂಜೆ ಹಾಲು ಕಾಯಲು ಇಟ್ಟು ಹಿಂತಿರುಗಿ ಬಂದು ನೋಡಿದರೆ, ಅಪ್ಪ ಮೇಜಿನ ಮುಂದೆ ಚೊಂಬು ಬಗ್ಗಿಸಿಕೊಂಡು ನಿಂತಿದ್ದ. ಮೌಸು, ಕೀಬೋರ್ಡು, ಅವಳ ಕನ್ನಡಕದ ಡಬ್ಬಿ ಎಲ್ಲವೂ ನೀರಿನಲ್ಲಿ. ಮೇಜಿನ ಅಂಚಿನಿಂದ ತೊಟ್ಟಿಕ್ಕಿದ ನೀರು ನೆಲದ ಮೇಲೆ ಹರಿದು, ವೈರುಗಳ ಗಂಟಿಗೆ ಇನ್ನು ಗೇಣು ದೂರದಲ್ಲಿತ್ತು. ಅಪ್ಪನ ಪಾದಗಳೆರಡೂ ಆ ನೀರಿನಲ್ಲೇ ಇದ್ದವು. ಗುಬ್ಬಿ ಅವನ ರಟ್ಟೆ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಮಂಚದ ಮೇಲೆ ಬಿದ್ದರು.

ಗುಬ್ಬಿ ಎಂದರೆ ಯಾವುದೋ ಪುಟಾಣಿ ಹುಡುಗಿ ಎಂದುಕೊಳ್ಳಬೇಡಿ. ಮಂಡಿನೋವಿನ, ದಪ್ಪ ಕನ್ನಡಕದ, ನಡುವಯಸ್ಸಿನ ಹೆಂಗಸು ಅವಳು. ಚಿಕ್ಕಂದಿನಲ್ಲಿ ಅಪ್ಪ ಇಟ್ಟ ಅಡ್ಡಹೆಸರು ಬೆನ್ನು ಬಿಟ್ಟಿರಲಿಲ್ಲ, ಅಷ್ಟೆ. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳ ವಿಷಯವನ್ನು ಮಾತಿನಲ್ಲಿ ಹೇಳಿ ಕಳಿಸುತ್ತಾರೆ; ಅದನ್ನು ಕಿವಿಗೆ ಹಾಕಿಕೊಂಡು ಮನೆಯಲ್ಲೇ ಕೂತು ಟೈಪ್ ಮಾಡಿ ಕೊಡುವುದು ಅವಳ ಕೆಲಸ. ಡಾಕ್ಟರುಗಳು ಕುದುರೆ ಏರಿ ಬಂದವರ ಹಾಗೆ ಮಾತಾಡುವುದರಿಂದ, ಮಾತನ್ನು ನಿಲ್ಲಿಸಿ ಹಿಂದಕ್ಕೆ ಓಡಿಸಲು ಕಾಲಡಿಗೆ ಒಂದು ಪೆಡಲ್ ಇತ್ತು. ಅದರ ಮೂಲೆಯಲ್ಲೂ ಒಂದು ಹಸಿರು ಚುಕ್ಕಿ. ಕೀಬೋರ್ಡಿನಲ್ಲಿ ನೀಲಿ. ಅಪ್ಪ ಮನೆಗೆ ಬಂದ ಮೇಲೆ ಮಂಚಕ್ಕೆ ಬೇರೆ ಜಾಗವಿಲ್ಲದೆ ಈ ಕೋಣೆಯಲ್ಲೇ ಹಾಕಿದ್ದರು. ಹಗಲೆಲ್ಲ ಅದು ಅವಳ ಆಫೀಸು, ಕತ್ತಲಾದರೆ ಅವನ ಮಲಗುವ ಮನೆ.

ಅಪ್ಪನಿಗೆ ಮರೆವಿನ ಕಾಯಿಲೆ. ದುಡಿಯುವ ಕಾಲದಲ್ಲಿ ಅವನು ಹತ್ತಿ ಗೋದಾಮಿನ ಕಾವಲುಗಾರ. ಈಗ ಊಟ ಮಾಡಿದ್ದು ಮರೆಯುತ್ತಾನೆ, ಹೆಂಡತಿ ತೀರಿಹೋದದ್ದು ಮರೆಯುತ್ತಾನೆ, ಅಳಿಯನನ್ನು ನೋಡಿ ಯಾರೋ ನೆಂಟರು ಬಂದಿದ್ದಾರೆಂದು ಎದ್ದು ನಿಲ್ಲುತ್ತಾನೆ. ಅಳಿಯನೂ ಪಾಪ, ತನ್ನ ಮನೆಯಲ್ಲೇ ದಿನಾ ನೆಂಟನಾಗಿ ಕೂತು ಕುಶಲ ಹೇಳುತ್ತಿದ್ದ. ಇದೆಲ್ಲ ನಗುನಗುತ್ತಾ ಸಹಿಸಬಹುದಾಗಿತ್ತು. ಸಂಜೆ ಮಾತ್ರ ಸಹಿಸಲಾಗುತ್ತಿರಲಿಲ್ಲ. ಗುಬ್ಬಿ ಕೆಲಸ ಮುಗಿಸಿ ಎದ್ದಳೋ ಇಲ್ಲವೋ, ಅಪ್ಪನ ಮೈಯಲ್ಲಿ ಏನೋ ಹೊಕ್ಕಂತೆ ಚಡಪಡಿಕೆ ಶುರು. ಮೇಜಿನ ಸುತ್ತ ತಿರುಗುವನು, ಬಗ್ಗಿ ನೋಡುವನು, ಗಾಳಿ ಮೂಸುವನು. "ದೊಡ್ಡದು ಮಾಡೇ ಗುಬ್ಬಿ, ದೊಡ್ಡದು ಮಾಡು," ಎಂದು ಅಂಗಲಾಚುವನು. ಏನನ್ನು ದೊಡ್ಡದು ಮಾಡಬೇಕೆಂದು ಕೇಳಿದರೆ, ಕೈ ಚಾಚಿ ಮೇಜನ್ನು ತೋರಿಸುವನು.

ಗಂಡ ಹೆಂಡತಿ ಕೂತು ಯೋಚಿಸಿದರು. ಗಂಡ ಬಸ್ಸುಗಳ ವರ್ಕ್‌ಶಾಪಿನಲ್ಲಿ ಫಿಟ್ಟರ್. ಯಾವ ಸಮಸ್ಯೆಗೂ ಒಂದು ಬಿಡಿಭಾಗ ಇದ್ದೇ ಇರುತ್ತದೆ ಎಂದು ನಂಬಿದವನು. ಮುದುಕರಿಗೆ ಕಣ್ಣು ಮಂಜು, ಕತ್ತಲಾದರೆ ಹೆದರಿಕೆ, ಬೆಳಕು ಸಾಲದೆಂದು ಹೇಳುತ್ತಿದ್ದಾರೆ ಎಂದು ಅವನ ತೀರ್ಪು. ನೀರು ಚೆಲ್ಲಿದ್ದೂ ಕತ್ತಲಲ್ಲಿ ಚೊಂಬು ಎಟುಕದೆ ಕೈ ತಪ್ಪಿದ್ದಕ್ಕೇ ಎಂದ. ಗುಬ್ಬಿಗೂ ಹೌದೆನ್ನಿಸಿತು. ಮರುದಿನವೇ ಅವನು ಯುಎಸ್‌ಬಿ ದೀಪವೊಂದನ್ನು ತಂದು ಕಂಪ್ಯೂಟರಿಗೆ ಚುಚ್ಚಿದ. ಡೊಂಕು ಕತ್ತಿನ, ಒಳ್ಳೆಯ ಬೆಳಕಿನ ದೀಪ. ಕಂಪ್ಯೂಟರ್ ಆಫ್ ಆದರೂ ಅದು ಉರಿಯುತ್ತಲೇ ಇರುವುದನ್ನು ಕಂಡು, ನಮ್ಮ ಅದೃಷ್ಟ ನೋಡು, ಆಫ್ ಆದ ಮೇಲೂ ಇದಕ್ಕೆ ಕರೆಂಟ್ ಬರುತ್ತದೆ ಎಂದು ಹಿಗ್ಗಿದ.

ಅವತ್ತು ಅಪ್ಪ ಕೂರಲೇ ಇಲ್ಲ. ಬಚ್ಚಲಿಗೂ ಕೋಣೆಗೂ ನಡೆದ, ಚೊಂಬಿನ ಬದಲು ಬಕೆಟ್ಟಿಗೇ ಕೈ ಹಾಕಿದ. ಗಂಡ ಅದನ್ನು ಕಿತ್ತುಕೊಂಡರೆ ಅಪ್ಪ ಅವನ ಕೈ ಕಚ್ಚಿದ. ಜೀವಮಾನದಲ್ಲಿ ಒಂದು ಬೆಕ್ಕಿಗೂ ಗದರದ ಮನುಷ್ಯ. ಗುಬ್ಬಿ ರಾತ್ರಿಯಿಡೀ ಅವನ ಮಂಚದ ಪಕ್ಕ ಬಕೆಟ್ಟನ್ನು ಕಾಲಲ್ಲಿ ಅದುಮಿಕೊಂಡು ಕೂತಿದ್ದಳು. ಒದ್ದೆ ಕೈ, ವೈರಿನ ಗಂಟು, ಒಂದು ಕ್ಷಣ ತಾನು ಒಲೆಯ ಮುಂದಿರುವುದು. ಇಷ್ಟೇ ಸಾಕು, ಅಪ್ಪ ಇರುವುದಿಲ್ಲ. ಈ ಯೋಚನೆ ಬಂದಾಗಲೆಲ್ಲ ಅವಳು ಬಕೆಟ್ಟನ್ನು ಇನ್ನಷ್ಟು ಅದುಮುತ್ತಿದ್ದಳು.

ಸೋದರತ್ತೆಗೆ ಫೋನ್ ಮಾಡಿದ್ದು ಸಲಹೆ ಕೇಳಲೆಂದಲ್ಲ, ಅತ್ತು ಹಗುರಾಗೋಣವೆಂದು. ಅಪ್ಪನ ತಂಗಿ ಆಕೆ. ಬೇರೆ ಊರಿನಲ್ಲಿದ್ದಾಳೆ, ಕಿವಿ ಸ್ವಲ್ಪ ಮಂದ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ಗುಬ್ಬಿ ದೀಪ ತಂದದ್ದು, ಅಪ್ಪ ಕಚ್ಚಿದ್ದು, ದೊಡ್ಡದು ಮಾಡು ಎಂದು ಪೀಡಿಸುವುದು ಎಲ್ಲವನ್ನೂ ಹೇಳಿಕೊಂಡಳು.

"ಏನೇ ನೀನು, ಇಷ್ಟು ವಯಸ್ಸಾಯ್ತು, ಇಷ್ಟೂ ಗೊತ್ತಿಲ್ವಾ?" ಎಂದಳು ಅತ್ತೆ. "ದೀಪ ಆರಿಸು ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರೇನೇ? ಅದು ಅಶುಭದ ಮಾತು. ಅದಕ್ಕೇ ದೀಪ ದೊಡ್ಡದು ಮಾಡು ಅನ್ನೋದು. ಬಳೆ ಒಡೀತು ಅಂತೀವಾ? ಹೆಚ್ಚಿತು ಅಂತೀವಿ. ನಿಮ್ಮಪ್ಪ ಪಾಪ ಆರಿಸು ಆರಿಸು ಅಂತ ಬಡ್ಕೋತಿದ್ದಾನೆ, ನೀವಿಬ್ರೂ ಸೇರಿ ಇನ್ನೊಂದು ಹಚ್ಚಿಟ್ಟಿದ್ದೀರಿ."

ಉರಿಯುವ ಬೆಂಕಿಗೆ ಎಣ್ಣೆ ಸುರಿಯುವುದೆಂದರೆ ಇದೇ. ಸ್ವಿಚ್ಚಿನ ಕಾಲದಲ್ಲಿ ಹುಟ್ಟಿ ಬೆಳೆದ ಗುಬ್ಬಿಗೆ ಲೈಟ್ ಹಾಕು, ಲೈಟ್ ತೆಗೆ, ಇವೆರಡೇ ಗೊತ್ತು. ಅವಳು ನಾಚಿಕೆಯಿಂದ ಕುಗ್ಗಿಹೋದಳು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಹತ್ತಿ ಗೋದಾಮೆಂದರೆ ಏನೆಂದುಕೊಂಡೆ, ಒಂದು ಕಿಡಿ ಸಾಕು ಊರೇ ಉರಿದುಹೋಗಲಿಕ್ಕೆ. ಕಾವಲಿನವನು ಪಾಳಿ ಮುಗಿದರೂ ಸುತ್ತು ಹಾಕಿ, ಎಲ್ಲ ದೀಪ ದೊಡ್ಡದಾಗಿದೆಯೆಂದು ಕಣ್ಣಾರೆ ನೋಡಿದ ಮೇಲೇ ಜಾಗ ಬಿಡಬೇಕು. ನಿಮ್ಮಪ್ಪ ಬೇರೆಯವರು ನೋಡಿದ್ದೇವೆ ಎಂದರೂ ನಂಬುತ್ತಿರಲಿಲ್ಲ ಎಂದಳು. ಪರದೆ ಕಪ್ಪಾದರೆ ಗೋದಾಮು ಮುಚ್ಚಿದ ಹಾಗೆ. ಮುಚ್ಚಿದ ಗೋದಾಮಿನೊಳಗೆ, ಮೂಲೆಯಲ್ಲಿ, ಕೆಂಪಗೆ ಒಂದು ಕಿಡಿ. ಗುಬ್ಬಿ ಫೋನಿಟ್ಟು ಮೊದಲು ಮಾಡಿದ ಕೆಲಸವೆಂದರೆ ಆ ಡೊಂಕು ಕತ್ತಿನ ದೀಪವನ್ನು ಕಿತ್ತು ಡಬ್ಬಕ್ಕೆ ಹಾಕಿದ್ದು.

ಆದರೆ ಮೌಸು, ಪೆಡಲು, ಕೀಬೋರ್ಡು? ಗೋಡೆಯ ಸ್ವಿಚ್ ಆರಿಸಿದರಾಯಿತಲ್ಲ ಎಂದು ನೀವು ಹೇಳುತ್ತೀರಿ. ಎಲ್ಲರೂ ಅದನ್ನೇ ಹೇಳಿದರು. ಆ ಸ್ವಿಚ್ಚು ಕಬ್ಬಿಣದ ಬೀರುವಿನ ಹಿಂದಿತ್ತು. ಕೋಣೆಗೆ ಮಂಚ ಬಂದಾಗ ಬೀರು ಅಲ್ಲಿಗೆ ಸರಿದದ್ದು, ಮತ್ತೆ ಸರಿಸಲು ಗಂಡ ಮತ್ತು ಪಕ್ಕದ ಮನೆಯವರು ಸೇರಬೇಕು. ಮೊದಲು ಪೆಡಲಿನ ವೈರನ್ನೊಂದೇ ಕಿತ್ತು ನೋಡಿದಳು. ಮತ್ತೆ ಚುಚ್ಚಿದಾಗ ಪೆಡಲನ್ನು ಕಂಪ್ಯೂಟರು ಗುರುತೇ ಹಿಡಿಯದೆ, ಡಾಕ್ಟರೊಬ್ಬರ ಮಾತು ನಿಲ್ಲದೆ ಓಡಿ, ಎಡಗಣ್ಣಿನ ರೋಗಿಗೆ ಬಲಗಣ್ಣು ಎಂದು ಬರೆದು ಆಸ್ಪತ್ರೆಯಿಂದ ಬೈಸಿಕೊಂಡಳು. ಮೌಸಿನ ಮೇಲೆ ಬಟ್ಟೆ ಮುಚ್ಚಿದರೆ ಅಪ್ಪ ಬಟ್ಟೆಯ ಅಡಿಯಿಂದ ಇಣುಕುವ ಕೆಂಪನ್ನು ಕಂಡು ಇನ್ನೂ ಹೆಚ್ಚು ಹೆದರಿದ. ಹತ್ತಿಯೊಳಗೆ ಹೊಕ್ಕ ಕಿಡಿಯೇ ಎಲ್ಲಕ್ಕಿಂತ ಕೆಟ್ಟದ್ದಂತೆ. ಕೊನೆಗೆ ಗುಬ್ಬಿ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದಳು. ಏನು ಕೇಳಿದರೂ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ ಎನ್ನುವುದರಿಂದ ಅವನಿಗೆ ಬೀದಿಯಲ್ಲೆಲ್ಲ ರೀಸ್ಟಾರ್ಟಣ್ಣ ಎಂದೇ ಹೆಸರು. ಈ ಸಲ ಅವನ ಮಾತು ಸರಿಯೂ ಆಗಿತ್ತು: ರೀಸ್ಟಾರ್ಟ್ ಮಾಡಿ, ಆನ್ ಆಗುವಾಗ ಡಿಲೀಟ್ ಒತ್ತಿ ಹಿಡಿಯಿರಿ ಎಂದ.

ನೀಲಿ ಪುಟವೊಂದು ತೆರೆಯಿತು. ವಿಂಡೋಸು ಏಳುವುದಕ್ಕೂ ಮೊದಲಿನ, ಕಂಪ್ಯೂಟರಿನ ಹೊಟ್ಟೆಯೊಳಗಿನ ಪುಟ. ಬೇರೆ ಯಾವುದನ್ನೂ ಮುಟ್ಟಬೇಡಿ, ಮುಟ್ಟಿದರೆ ಮಷೀನು ಏಳುವುದಿಲ್ಲ, ನಾನೇ ಬರಬೇಕಾಗುತ್ತದೆ ಎಂದು ಅವನು ಹೆದರಿಸಿದ. ಅವನು ಬರುವುದು ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಎಂಬುದು ಗುಬ್ಬಿಗೆ ಗೊತ್ತಿತ್ತು. ಬಾಣದ ಗುರುತಿನ ಕೀಲಿಗಳಿಂದ ಕೆಳಗಿಳಿದಳು. ಪವರ್ ಎಂಬಲ್ಲಿಗೆ ಹೋಗಿ, ಇಆರ್‌ಪಿ ಎಂದು ಬರೆದಿರುತ್ತದೆ ಎಂದು ಅವನು ಹೇಳುತ್ತಿದ್ದಂತೆ ಫೋನು ಕಡಿದುಹೋಯಿತು. ಇಆರ್‌ಪಿ ಸಿಕ್ಕಿತು. ಅದರ ಮುಂದೆ ಡಿಸೇಬಲ್ಡ್ ಎಂದಿತ್ತು. ಆಫ್ ಮಾಡಬೇಕಾದ್ದು ಆಗಲೇ ಆಫ್ ಆಗಿದೆಯಲ್ಲ ಎಂದು ಗೊಂದಲಪಡುತ್ತಲೇ ಹೊರಬಂದು, ಕಂಪ್ಯೂಟರನ್ನು ಆಫ್ ಮಾಡಿದಳು. ಮೌಸು ಕೆಂಪಗೆ ನೋಡುತ್ತಿತ್ತು. ಬೆನ್ನ ಹಿಂದೆ ಉಸಿರಾಟದ ಸದ್ದು ಕೇಳಿ ತಿರುಗಿದರೆ ಅಪ್ಪ. ಕೈಯಲ್ಲಿ ತುಂಬಿದ ಚೊಂಬು.

"ಒಂದೇ ನಿಮಿಷ ಅಪ್ಪ, ದೊಡ್ಡದು ಮಾಡ್ತಿದ್ದೀನಿ," ಎಂದಳು ಗುಬ್ಬಿ. ಅವನು ನಿಂತ. ಆ ಮಾತು ಅವನಿಗೆ ತಲುಪಿತ್ತು. ಆದರೆ ಚೊಂಬು ಕೆಳಗಿಳಿಯಲಿಲ್ಲ, ತುಂಬಿದ ನೀರು ಅಂಚಿನಲ್ಲಿ ತುಳುಕುತ್ತಿತ್ತು.

ರೀಸ್ಟಾರ್ಟಣ್ಣ ಮತ್ತೆ ಫೋನಿಗೆ ಸಿಕ್ಕಾಗ, ಆಗಲೇ ಡಿಸೇಬಲ್ಡ್ ಎಂದಿದೆಯಲ್ಲ ಎಂದಳು. ಅವನು ನಕ್ಕ. "ಎನೇಬಲ್ ಮಾಡಿ ಮೇಡಂ. ಅದು ಕರೆಂಟ್ ಉಳಿಸೋ ನಿಯಮ. ನಿಯಮ ಆನ್ ಆದ್ರೆ ದೀಪ ಆಫ್. ಹೇಳೋದು ಒಂದು, ಆಗೋದು ಇನ್ನೊಂದು." ಗುಬ್ಬಿಗೆ ಆ ಆತಂಕದಲ್ಲೂ ನಗು ಬಂತು. ಈ ಕಂಪ್ಯೂಟರೂ ಅಪ್ಪನ ಹಾಗೆಯೇ ಮಾತಾಡುತ್ತದೆ. ಮತ್ತೆ ಡಿಲೀಟ್ ಒತ್ತಿ ನೀಲಿ ಪುಟಕ್ಕೆ ಹೋಗಿ, ಎನೇಬಲ್ಡ್ ಮಾಡಿ, ಉಳಿಸಿ, ಕಂಪ್ಯೂಟರು ಎದ್ದ ಮೇಲೆ ಮತ್ತೆ ಆಫ್ ಮಾಡಿದಳು. ಫ್ಯಾನಿನ ಸದ್ದು ಇಳಿಯಿತು. ಕೀಬೋರ್ಡಿನ ನೀಲಿ ಹೋಯಿತು. ಪೆಡಲಿನ ಹಸಿರು ಹೋಯಿತು. ಮೌಸಿನ ಕೆಂಪು ಒಂದು ಕ್ಷಣ ಇದ್ದು ಅದೂ ಹೋಯಿತು.

ಅಪ್ಪ ಚೊಂಬನ್ನು ಕೆಳಗಿಟ್ಟ. ಮಂಡಿಯೂರಿ ಮೇಜಿನಡಿ ನೋಡಿದ. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮೌಸಿನ ಮೇಲೆ ಅಂಗೈ ಇಟ್ಟು ನೋಡಿದ. ಆಮೇಲೆ "ಸರಿ" ಎಂದು, ಎಷ್ಟೋ ತಿಂಗಳಿಂದ ಕಿವಿಯವರೆಗೂ ಎತ್ತಿಕೊಂಡಿದ್ದ ಹೆಗಲನ್ನು ಇಳಿಬಿಟ್ಟ. ಅವತ್ತು ಬಡಿಸಿದ್ದನ್ನೆಲ್ಲ ಉಂಡ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅಳಿಯನನ್ನು ನೋಡಿ, ಪೆಟ್ಟು ಹೇಗಾಯಿತು ಎಂದು ವಿಚಾರಿಸಿದ. ಅಳಿಯ ನಾಯಿ ಕಚ್ಚಿತು ಎಂದ. ಗುಬ್ಬಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಅದರಲ್ಲಿ ಅರ್ಧ ನಗುವಿನದ್ದಲ್ಲ. ಅಪ್ಪ ಆಮೇಲೆ ಮಲಗಿದವನು ಬೆಳಗಾಗುವವರೆಗೆ ಮಗ್ಗುಲು ಬದಲಿಸಲಿಲ್ಲ.

ಮರುದಿನ ಸಂಜೆ ಕೆಲಸ ಮುಗಿಸಿ ಕಂಪ್ಯೂಟರ್ ಆಫ್ ಮಾಡಿದಳು. ಕೋಣೆ ಕಪ್ಪಾಯಿತು. ಅಪ್ಪ ಸ್ಟೂಲಿನಿಂದ ಎದ್ದು ಒಂದು ಸುತ್ತು ಹಾಕಿ, ತಲೆಯಾಡಿಸಿದ. ಗುಬ್ಬಿ ಹಾಡು ಗುನುಗುತ್ತಾ ಅಡುಗೆಮನೆಗೆ ಹೋದಳು. ಒಲೆಯ ಮುಂದೆ ನಿಂತು ಕಿವಿಯನ್ನು ಹಿಂದಕ್ಕೆ ಬಿಡುವ ಅಭ್ಯಾಸ ಆಗಿಹೋಗಿತ್ತಲ್ಲ, ಅವತ್ತು ಬಿಡಲಿಲ್ಲ. ಹಾಲು ಉಕ್ಕುವಷ್ಟರಲ್ಲಿ ಇಳಿಸಿ ಲೋಟಕ್ಕೆ ಸುರಿದು ತಂದರೆ ಸ್ಟೂಲು ಖಾಲಿ, ಮಂಚ ಖಾಲಿ, ಬಚ್ಚಲು ಖಾಲಿ. ಬೀದಿ ಬಾಗಿಲು ಹಾರು ಹೊಡೆದಿತ್ತು.

ಬಾಗಿಲಿಗೆ ಚಿಲಕ ಏಕೆ ಹಾಕಿರಲಿಲ್ಲವೆಂದು ಅವಳನ್ನು ಬೈಯಬೇಡಿ. ಅಪ್ಪ ಬಂದ ಹೊಸತರಲ್ಲಿ ಹಾಕಿ ನೋಡಿದ್ದರು. ಮುಚ್ಚಿದ ಬಾಗಿಲು ಕಂಡೊಡನೆ ಅವನು ಎದೆ ಹಿಡಿದುಕೊಂಡು ಒದ್ದಾಡಿ, ಆಸ್ಪತ್ರೆಗೇ ಹೊತ್ತೊಯ್ಯಬೇಕಾಗಿತ್ತು. ಆಮೇಲೆ ಅವನು ಒಮ್ಮೆಯೂ ಹೊಸಿಲು ದಾಟಿದವನಲ್ಲ. ಎಷ್ಟು ಚಡಪಡಿಸಿದರೂ ಆ ಮೇಜಿನ ಸುತ್ತಲೇ. ಬರಿಗಾಲಲ್ಲಿ ಬೀದಿಗೆ ಓಡುತ್ತಿದ್ದ ಗುಬ್ಬಿಗೆ ಅದರ ಅರ್ಥ ಆಗ ಹೊಳೆಯಿತು. ಕಿಡಿ ಇರುವವರೆಗೂ ಕಾವಲುಗಾರ ಜಾಗ ಬಿಡುವುದಿಲ್ಲ. ಅವಳು ನಿನ್ನೆ ಕಿಡಿಯನ್ನು ಕಳೆದಿದ್ದಳು.

ಔಷಧಿ ಅಂಗಡಿಯವನು ನೋಡಿರಲಿಲ್ಲ. ಇಸ್ತ್ರಿಯವಳು ಈ ಕಡೆ ಹೋದರೆಂದು ಕೈ ತೋರಿಸಿದಳು. ಆ ಕಡೆ ಎಂದರೆ ದೊಡ್ಡ ರಸ್ತೆ. ಗುಬ್ಬಿಯ ಮಂಡಿ ಬೇಡ ಬೇಡವೆನ್ನುತ್ತಿತ್ತು. ಲಾರಿಯೊಂದು ಕರ್ಕಶವಾಗಿ ಹಾರ್ನ್ ಮಾಡಿದಾಗ ಅವಳು ಕಣ್ಣು ಮುಚ್ಚಿಕೊಂಡೇ ನಾಲ್ಕು ಹೆಜ್ಜೆ ಓಡಿದಳು. ತೆರೆದರೆ, ರಸ್ತೆಯ ಅಂಚಿನಲ್ಲಿ ಅಪ್ಪ ದಾಟಲು ನಿಂತಿದ್ದ. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಳಿಯನದು. ತಲೆ ಬಾಚಿಕೊಂಡಿದ್ದ. ಅಷ್ಟು ನೆಮ್ಮದಿಯ ಮುಖವನ್ನು ಗುಬ್ಬಿ ವರ್ಷಗಳಿಂದ ಕಂಡಿರಲಿಲ್ಲ.

ಅವಳು ತೋಳು ಹಿಡಿದಳು. ಅವನು ಮರ್ಯಾದೆಯಿಂದ ಬಿಡಿಸಿಕೊಂಡ.

"ಡ್ಯೂಟಿ ಮುಗೀತು ಮೇಡಂ. ಎಲ್ಲಾ ಕಡೆ ನೋಡ್ಬಿಟ್ಟೇ ಹೊರಟಿದ್ದೀನಿ."

"ಮನೆ ಈ ಕಡೆ ಅಪ್ಪ. ಬಾ, ಹೋಗೋಣ."

ಅವನು ಅವಳ ತಪ್ಪನ್ನು ಕ್ಷಮಿಸುವಂತೆ ನಕ್ಕ. "ನಮ್ಮನೆ ಆ ಕಡೆ. ಮಗಳು ಚಿಕ್ಕೋಳು, ನಾನು ಹೋಗೋವರೆಗೂ ಉಣ್ಣದೆ ಬಾಗಿಲಲ್ಲೇ ಕೂತಿರ್ತಾಳೆ. ಗುಬ್ಬಿ ಅಂತ."

ಅವನು ರಸ್ತೆಗೆ ಕಾಲಿಟ್ಟ. ಅವಳು ಅಂಗಿ ಹಿಡಿದು ಎಳೆದಳು. ಅವನಿಗೆ ಸಿಟ್ಟು ಬಂತು, ತಡ ಮಾಡಬೇಡಿ, ಕೂಸು ಒಂದೇ ಇದೆ ಎಂದು ಕೊಸರಿದ. ಮುದುಕನಾದರೂ ಮೂಟೆಗಳ ನಡುವೆ ಬದುಕಿದ ಮೈ, ಅವಳ ಹಿಡಿತ ಜಾರುತ್ತಿತ್ತು. ಬಸ್ಸೊಂದು ತಿರುವಿನಲ್ಲಿ ಕಾಣಿಸಿಕೊಂಡಿತು. ಅತ್ತ ದರಿ ಇತ್ತ ಪುಲಿ ಎಂಬ ಗಾದೆಯನ್ನು ಅವಳು ಸಾವಿರ ಸಲ ಕೇಳಿದ್ದಳು. ಪುಲಿಯನ್ನು ತಾನೇ ಕೂಗಿ ಕರೆಯಬೇಕಾಗುತ್ತದೆಂದು ತಿಳಿದಿರಲಿಲ್ಲ.

"ಗೋದಾಮಿನಲ್ಲಿ ಒಂದು ದೀಪ ಉಳ್ಕೊಂಡಿದೆ," ಎಂದಳು.

ಅವನು ನಿಂತ. ಆ ನೆಮ್ಮದಿ ಮುಖದಿಂದ ಇಳಿದುಹೋಗುವುದನ್ನು ಅವಳು ಹತ್ತಿರದಿಂದ ನೋಡಬೇಕಾಯಿತು. ಹೆಗಲು ಮತ್ತೆ ಮೇಲಕ್ಕೆ ಹೋಯಿತು, ಮೂಗಿನ ಹೊಳ್ಳೆ ಅರಳಿ ಗಾಳಿ ಮೂಸಿತು. ಎಲ್ಲಿ, ಯಾವ ಸಾಲಿನಲ್ಲಿ ಎಂದು ಕೇಳುತ್ತಾ ಅವನೇ ತಿರುಗಿ ಅವಳಿಗಿಂತ ಮುಂದೆ ಓಡಿದ. ಸರಿಯಿಲ್ಲದ ಚಪ್ಪಲಿಯಲ್ಲಿ ಎಡವುತ್ತಾ ಮನೆಯವರೆಗೂ ಓಡಿದ.

ಕೋಣೆಯಲ್ಲಿ ಕತ್ತಲು. ಅವನು ಮೇಜಿನಡಿ ಬಗ್ಗಿ ನೋಡಿ ಎದ್ದ. "ಎಲ್ಲಿ?" ಎಂದ. ಇಲ್ಲವೆಂದರೆ ಮತ್ತೆ ಹೊರಡುತ್ತಾನೆ. ಇವತ್ತು ತಡೆದರೂ ನಾಳೆ, ನಾಳೆ ತಡೆದರೆ ನಾಡಿದ್ದು. ಗುಬ್ಬಿ ಬಚ್ಚಲಿಗೆ ಹೋಗಿ ಚೊಂಬು, ಬಕೆಟ್ಟು ಎಲ್ಲವನ್ನೂ ಬರಿದು ಮಾಡಿ ಒಳಗಿಟ್ಟು, ಬಚ್ಚಲ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಡಿಲೀಟ್ ಕೀಲಿ ಒತ್ತಿ ಹಿಡಿದಳು. ಈ ಸಲ ಯಾರನ್ನೂ ಕೇಳಬೇಕಾಗಲಿಲ್ಲ. ಪವರ್, ಇಆರ್‌ಪಿ, ಡಿಸೇಬಲ್ಡ್. ಉಳಿಸಿದಳು. ಅಪ್ಪನಿಗೆ ಬೆನ್ನು ಕೊಟ್ಟು ಅಳುತ್ತಲೇ ಆಫ್ ಮಾಡಿದಳು.

ಪರದೆ ಕಪ್ಪಾಯಿತು. ಕೆಂಪು ಉಳಿಯಿತು.

ಅಪ್ಪ ಅದನ್ನು ಕಂಡ. ಕೈ ಚೊಂಬಿಗಾಗಿ ತಡವರಿಸಿ, ಸಿಗದೆ, ಗಾಳಿಯಲ್ಲೇ ಮುಷ್ಟಿ ಕಟ್ಟಿತು. ಅವನು ಚಪ್ಪಲಿ ಬಿಟ್ಟು, ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಮಂಡಿಯ ಮೇಲೆ ಕೈಯೂರಿ ಕೂತ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕಣ್ಣು ಮಾತ್ರ ಆ ಬೆಳಕಿನಿಂದ ಕದಲಲಿಲ್ಲ. ಗುಬ್ಬಿ ಅವನ ಕಾಲ ಬಳಿ ನೆಲದ ಮೇಲೆ ಕೂತು ಅವನ ಪಾದ ಹಿಡಿದುಕೊಂಡಳು. ಅವಳ ಅಳು ಅವನಿಗೆ ಕೇಳಿಸಿತೇನೋ. ಬಗ್ಗಿ ನೋಡಿದ. ಭಯದ ನಡುವೆಯೂ ದನಿಯನ್ನು ಮೆತ್ತಗೆ ಮಾಡಿಕೊಂಡ.

"ನೀವು ಮನೆಗೆ ಹೊರಡಿ ಮೇಡಂ, ಇಲ್ಲಿ ನಾನಿರ್ತೀನಿ. ಪಾಪ, ನಿಮ್ಮಪ್ಪ ದಾರಿ ನೋಡ್ತಿರ್ತಾರೆ."

ಗುಬ್ಬಿ ಹೂಂ ಎಂದಳು. ಏಳಲಿಲ್ಲ.